ಉರಿ ನಿಂತ ಕೈ

ಗಾಯದ ಕಟ್ಟು ನೆನೆಯದ ಹಾಗೆ ಬಲಗೈಗೆ ಹಾಲಿನ ಕವರು ಕಟ್ಟಿಕೊಂಡು ಕದಿರಮ್ಮ ಎಡಗೈಯಲ್ಲೇ ಮುದ್ದೆ ಪಾತ್ರೆ ಉಜ್ಜುತ್ತಿದ್ದಳು. ಎಡಗೈಗೆ ಆ ಕೆಲಸ ಒಗ್ಗಿರಲಿಲ್ಲ. ಪಾತ್ರೆ ಬುಗುರಿ ಹಾಗೆ ತಿರುಗುತ್ತಿತ್ತೇ ಹೊರತು ತಳಕ್ಕೆ ಅಂಟಿದ್ದು ಬಿಡುತ್ತಿರಲಿಲ್ಲ.

ಪಕ್ಕದ ಮನೆ ಅಖ್ತರಿ ಬಂದು ಪಾತ್ರೆ ಕಿತ್ತುಕೊಂಡಳು. "ನೀರು ಮುಟ್ಬೇಡ ಅಂತ ಡಾಕ್ಟ್ರು ಹೇಳಿದ್ದು ಯಾರಿಗಕ್ಕ, ನನಗಾ?"

"ನೀರು ಮುಟ್ಟಿದ್ದು ಕವರು ಕಣೇ, ನಾನಲ್ಲ."

"ಬೆರಳು ಹೋದ್ರೂ ನಾಲಿಗೆ ಹೋಗಿಲ್ಲ ನೋಡು ನಿಂಗೆ."

ಹೋಗಿದ್ದು ತೋರುಬೆರಳು, ಬುಡದವರೆಗೂ. ಹೋಗಿ ಎರಡು ತಿಂಗಳು.

ಶಿಡ್ಲಘಟ್ಟದ ಖಾಜಾ ಪೀರ್ ಸಾಹೇಬರ ಚರಕದ ಮನೆಯಲ್ಲಿ ಇಬ್ಬರೂ ಇಪ್ಪತ್ತು ವರ್ಷ ಅಕ್ಕಪಕ್ಕ ಕೂತು ರೇಷ್ಮೆಗೂಡಿನಿಂದ ನೂಲು ತೆಗೆದವರು. ಗೂಡು ಕುದಿನೀರಲ್ಲಿ ಬೇಯುತ್ತಿರುತ್ತೆ. ಅದರೊಳಗೇ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಹೊಸಬರು ಅತ್ತರೆ ಹಳಬರು ನಗುತ್ತಾರೆ. ಕೈ ಪಳಗಲಿ, ಸುಮ್ಮನಿರು ಅನ್ನುತ್ತಾರೆ. ಸುಟ್ಟರೂ ಸುಡದ ಕೈ ಅಂದರೆ ಅಲ್ಲಿ ದೊಡ್ಡ ಮರ್ಯಾದೆ.

ಕದಿರಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಮೊದಲು ಅಂಗಾಲು ಉರಿ, ಆಮೇಲೆ ಅಂಗೈ ಉರಿ. ರಿಟೈರಾದ ಸ್ಕೂಲ್ ಮೇಡಮ್ಮು ಅನಸೂಯಮ್ಮನವರು ಬೆಳಿಗ್ಗೆ ಹೊತ್ತು ಮಹಿಳಾ ಸಮಾಜದಲ್ಲಿ ಯೋಗ ಹೇಳಿಕೊಡುತ್ತಿದ್ದರು. ಕದಿರಮ್ಮ ಸೀರೆ ಕಚ್ಚೆ ಹಾಕಿಕೊಂಡು ಹೋದಳು. ಬಗ್ಗಿದಳು, ಉಸಿರು ಎಳೆದಳು, ಬಿಟ್ಟಳು. ಕೆರೆ ಏರಿ ಮೇಲೆ ನಡೆದಳು. ಅನ್ನ ಬಿಟ್ಟಳು, ಮುದ್ದೆ ಅರ್ಧ ಮಾಡಿದಳು, ಸಪ್ಪೆ ಟೀ ಕುಡಿದಳು. ಮೈ ಹಗುರಾಯಿತು. ಸಕ್ಕರೆಯೂ ಇಳಿಯಿತು. ಅದು ಸುಳ್ಳಲ್ಲ.

ಆಮೇಲೊಂದು ದಿನ ಉರಿಯೂ ನಿಂತಿತು. ಕುದಿನೀರಲ್ಲಿ ಕೈ ಇಟ್ಟರೆ ತಣ್ಣೀರಲ್ಲಿ ಇಟ್ಟ ಹಾಗೆ. ಪೂರ್ತಿ ವಾಸಿಯಾಯಿತು ಅಂತ ತಾನೇ ತೀರ್ಮಾನ ಮಾಡಿ ಡಾಕ್ಟ್ರು ಕೊಟ್ಟ ಮಾತ್ರೆ ನಿಲ್ಲಿಸಿ ಚೀಟಿ ಒಲೆಗೆ ಹಾಕಿದಳು.

ಅಷ್ಟಕ್ಕೇ ನಿಂತಿದ್ದರೆ ಅವಳೊಬ್ಬಳ ಪಾಡಾಗುತ್ತಿತ್ತು. ಆದರೆ ತೊಂಡೇಬಾವಿಯಲ್ಲಿ ತಂಗಿ ಮುನಿಗಂಗಮ್ಮನಿಗೂ ಅದೇ ಕಾಯಿಲೆ. ಕದಿರಮ್ಮ ಆಗಷ್ಟೇ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದಳು. ಜೀವಮಾನದಲ್ಲಿ ಸ್ವಂತ ಕೈಯಿಂದ ಬರೆದ ಮೊದಲ ಕಾಗದ ಅದು: 'ಯೋಗ ಮಾಡಿ ನನಗೆ ವಾಸಿ ಆಯಿತು. ಮಾತ್ರೆ ಬಿಟ್ಟೆ. ನೀನೂ ಬಿಡು. ಅಕ್ಕ ಹೇಳಿದ್ದು.'

ಆರು ತಿಂಗಳಿಗೆ ಬೆರಳು ಬೆಂದು, ಕೀವಾಗಿ, ಕಪ್ಪಾಯಿತು. ನೋವಿಲ್ಲ ಅಂತ ಅವಳು ತಿರುಗಿ ನೋಡಿರಲಿಲ್ಲ. ವಾಸನೆ ಬಂದಾಗ ನೋಡಿದ್ದು ಅಖ್ತರಿ. ಆಸ್ಪತ್ರೆ ಡಾಕ್ಟ್ರು, "ಉರಿ ವಾಸಿಯಾಗಿಲ್ಲಮ್ಮ, ನರ ಸತ್ತಿದೆ," ಅಂದರು. ನೋಡಲು ಬಂದ ಅನಸೂಯಮ್ಮನವರು ಕೇಳಿದ್ದು ಒಂದೇ ಮಾತು. "ಮಾತ್ರೆ ಬಿಡು ಅಂತ ನಾನು ಯಾವತ್ತು ಹೇಳಿದ್ದೆ ಕದಿರಮ್ಮ?" ಕದಿರಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ತಂಗಿಗೆ ನಿಜ ಬರೆಯಬೇಕು. ಹೆಬ್ಬೆರಳಿಗೂ ನಡುಬೆರಳಿಗೂ ಪೆನ್ನು ಸಿಕ್ಕಿಸಿ ಬರೆದೂ ಆಗಿತ್ತು. ಬರೆದಿಟ್ಟು ತಿಂಗಳು. ಕೈ ಗಾಯ ಮಾಯಲಿ, ಹಬ್ಬ ಕಳೆಯಲಿ ಅಂತ ಒಂದೊಂದು ನೆವ. ಚಿಕ್ಕಂದಿನಿಂದ ಅಕ್ಕ ಹೇಳಿದ್ದೇ ವೇದ ಅಂದುಕೊಂಡವಳು ಅವಳು. ಅವಳ ಮುಂದೆ ಪೆದ್ದಿ ಆಗೋದು ಹೇಗೆ?

"ಮಾತಾಡ್ತಾ ಮರ್ತೇಬಿಟ್ಟೆ," ಅಖ್ತರಿ ಸೊಂಟದಿಂದ ಒಂದು ಕಾರ್ಡು ತೆಗೆದಳು. "ಪೋಸ್ಟಿನವನು ನಮ್ಮನೇಲಿ ಕೊಟ್ಟುಹೋದ."

ತಂಗಿ ಸೊಸೆ ಕೈಯಲ್ಲಿ ಬರೆಸಿದ್ದಳು. ಕದಿರಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

'ಅಕ್ಕ, ನಿನ್ನ ಮಾತಿನಂತೆ ಮಾತ್ರೆ ಬಿಟ್ಟೆ. ಬೆಳಿಗ್ಗೆ ಯೋಗ ಮಾಡ್ತೀನಿ. ನನಗೂ ಕಾಲು ಉರಿ ನಿಂತಿದೆ. ಮೊನ್ನೆ ಜಾಲಿ ಮುಳ್ಳು ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಚಾಪೆ ಮೇಲೆ ರಕ್ತ ನೋಡಿ ಸೊಸೆ ಹೇಳಿದಳು. ನಿನ್ನಿಂದ ನಾನು ಬದುಕಿದೆ.'

ಕದಿರಮ್ಮ ಕಾರ್ಡು ಹಿಡಿದುಕೊಂಡೇ ಬಚ್ಚಲ ಕಲ್ಲಿನ ಮೇಲೆ ಕೂತಳು.

"ಏನಂತೆ?"

"ನಾನು ಬದುಕಿಸಿದ್ನಂತೆ."

ಅಖ್ತರಿಗೆ ಎಲ್ಲ ಗೊತ್ತಿತ್ತು. "ಬರ್ದಿಟ್ಟಿದ್ದೀಯಲ್ಲಕ್ಕ, ಮೊಟ್ಟೆ ಇಟ್ಟು ಕಾವು ಕೊಡೋ ಹಾಗೆ. ಇನ್ನೂ ಎಷ್ಟು ದಿನ?"

ಕದಿರಮ್ಮ ಒಳಗೆ ಹೋಗಿ ಇನ್‌ಲ್ಯಾಂಡ್ ಕಾಗದ ತೆಗೆದಳು. ಬಿಡಿಸಿ ಓದಿದಳು. 'ಕೈಗೆ ಸ್ವಲ್ಪ ಗಾಯ' ಅಂತ ಬರೆದಿದ್ದಳು. ನಿಜ ಬರೆಯಲು ಕೂತಾಗಲೂ ಅಷ್ಟು ಮುಚ್ಚಿಟ್ಟಿದ್ದಳು. ಆ ಸಾಲು ಹೊಡೆದುಹಾಕಿ ಕೆಳಗೆ ದೊಡ್ಡದಾಗಿ ಬರೆದಳು: 'ಬೆರಳು ಕತ್ತರಿಸಿದರು. ನಾನು ಹೇಳಿದ್ದು ತಪ್ಪು. ಯೋಗ ಬಿಡಬೇಡ, ಮಾತ್ರೆ ನುಂಗು. ಇವತ್ತೇ ಆಸ್ಪತ್ರೆಗೆ ಹೋಗಿ ಕಾಲು ತೋರಿಸು.'

ಟಪಾಲಿಗೆ ಹಾಕಿದರೆ ಮೂರು ದಿನ. ಗೌರಿಬಿದನೂರು ಬಸ್‌ಸ್ಟ್ಯಾಂಡಿನಲ್ಲಿ ತಂಗಿ ಮಗ ಚನ್ನಕೇಶವನ ಸೋಡಾ ಅಂಗಡಿ ಇತ್ತು. ಸಂಜೆಗೆ ಊರಿಗೆ ಹೋಗುತ್ತಾನೆ. ಅಖ್ತರಿ ಕೈ ಹಿಡಿದುಕೊಂಡು ಕದಿರಮ್ಮ ಅಲ್ಲಿಗೆ ಹೊರಡುವ ಬಸ್ಸಿನ ಹತ್ತಿರ ಹೋದಳು. ಕಂಡಕ್ಟರ್ ಸಾದಿಕ್ ಪಾಷಾ ಫುಟ್‌ಬೋರ್ಡ್ ಮೇಲೆ ನಿಂತಿದ್ದ.

"ಏನಮ್ಮಾ, ಮದುವೆ ಕಾಗದಾನಾ?"

"ಅಲ್ಲಪ್ಪ. ಸೋಡಾ ಅಂಗಡಿ ಚನ್ನಕೇಶವನ ಕೈಗೇ ಕೊಡು. ನಾಳೆ ಕೊಟ್ರಾಯ್ತು ಅನ್ಬೇಡ."

ಅವಳ ಕೈಯ ಕಟ್ಟು ನೋಡಿ ಅವನು ಮುಂದೆ ತಮಾಷೆ ಮಾಡಲಿಲ್ಲ. ಕಾಗದ ಚರ್ಮದ ಚೀಲಕ್ಕೆ ಹಾಕಿ, ಬಕಲು ಬಿಗಿದು, ಸೀಟಿ ಊದಿದ.