ರೇಡಿಯೇಟರ್ ಕುಡಿಯುವ ನೀರು

1

ಈ ಕಥೆಯನ್ನು ಹೇಗೆ ಸ್ಟಾರ್ಟ್ ಮಾಡಬೇಕೋ ಗೊತ್ತಾಗುತ್ತಿಲ್ಲ. ವಿಠೋಬನ ಹಳೆಯ ಪಿಕಪ್ಪಿಗೂ ಇದೇ ತೊಂದರೆ. ಅದನ್ನಾದರೆ ಇಳಿಜಾರಿನಲ್ಲಿ ನಿಲ್ಲಿಸಿಟ್ಟು, ಬೆಳಿಗ್ಗೆ ಬ್ರೇಕ್ ಬಿಟ್ಟು, ಉರುಳುವಾಗ ಗೇರ್ ಹಾಕಿ ಎಬ್ಬಿಸುತ್ತಾರೆ. ನಮ್ಮೂರು ಸಂಖದಲ್ಲಿ ನಾನು ಕೂತು ಬರೆಯುವ ಮೇಜು ಪೂರಾ ಸಪಾಟಾಗಿದೆ.

ಮೊದಲು ಹೀಗೆ ಬರೆದಿದ್ದೆ: "ಮುಂಜಾನೆಯ ಹೊಂಬಿಸಿಲಿನಲ್ಲಿ ಹಳೆಯ ಪಿಕಪ್ಪೊಂದು ತನ್ನ ಯೌವನವನ್ನು ನೆನೆಯುತ್ತ ನಿಂತಿತ್ತು." ಓದಿ ನನಗೇ ನಾಚಿಕೆಯಾಯಿತು. ಪಿಕಪ್ ಏನನ್ನೂ ನೆನೆಯುವುದಿಲ್ಲ. ಎಣ್ಣೆ ಸೋರುತ್ತದೆ, ಅಷ್ಟೆ. ಹೊಡೆದು ಹಾಕಿದೆ.

1 (ಮತ್ತೆ)

ವಿಠೋಬ ಕುಣಿಕೋಣೂರಿನವನು. ಕುರಿ ಸಾಕುತ್ತಾನೆ. ತನ್ನವೂ ಊರವರವೂ ಕುರಿಗಳನ್ನು ತುಂಬಿಕೊಂಡು ವಾರವಾರ ಸಂತೆಗೆ ಹೋಗುತ್ತಾನೆ. ಪಕ್ಕದ ಸೀಟಿನಲ್ಲಿ ಹೆಂಡತಿ ಚನ್ನವ್ವ. ಗಿರಾಕಿಗಳ ಜೊತೆ ವ್ಯವಹಾರ ಅವಳದು, ಯಾಕೆಂದರೆ ವಿಠೋಬನಿಗೆ ಮಾತು ಕಡಿಮೆ. ಸಂತೆಯ ದಾರಿಯಲ್ಲಿ ಜಾಲಿ ದಿಬ್ಬ ಎಂಬ ಏರು ಸಿಗುತ್ತದೆ. (ನಕಾಶೆಯಲ್ಲಿ ಹುಡುಕಬೇಡಿ. ಕಥೆಗೆ ಬೇಕೆಂದು ನಾನೇ ಮಣ್ಣು ಹಾಕಿಸಿದ್ದೇನೆ.) ಏರಿನ ಅರ್ಧಕ್ಕೆ ಬರುತ್ತಿದ್ದಂತೆ ಪಿಕಪ್ ಕುದಿಯುತ್ತದೆ. ಬಾನೆಟ್ಟಿನ ಸಂದಿಯಿಂದ ಉಗಿ ಏಳುತ್ತದೆ, ಹಿಂದೆ ಕುರಿಗಳು ಒಟ್ಟಿಗೇ ಬಾಯಿ ತೆಗೆಯುತ್ತವೆ. ಆಗ ಸರಿಯಾಗಿ ಬಾಳಾಸಾಹೇಬ ಎಂಬ ಇನ್ನೊಬ್ಬ ಕುರಿ ವ್ಯಾಪಾರಿ ತನ್ನ ಹೊಸ ಗಾಡಿಯಲ್ಲಿ ಹಾರ್ನ್ ಹೊಡೆಯುತ್ತ ಮುಂದೆ ಹೋಗುತ್ತಾನೆ. "ವಿಠೋಬಣ್ಣಾ, ನೂಕಲೇನೋ?" ಎಂದು ಪ್ರತಿ ವಾರ ಕೇಳುತ್ತಾನೆ. ಒಮ್ಮೆಯೂ ನೂಕಿಲ್ಲ.

ಆದ್ದರಿಂದ ವಿಠೋಬ ಇಂಜಿನ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಬೇಕೆಂದಿದ್ದಾನೆ. ಕಟ್ಟುವಾಗಲೇ ಸ್ವಲ್ಪ ಜೋರೂ ಬರಬೇಕು. ತುಂಬಿದ ಗಾಡಿ ಜಾಲಿ ದಿಬ್ಬವನ್ನು ನಿಲ್ಲದೆ ಹತ್ತಿದರೆ ಸಾಕು. ಇದು ಅವನ ಪ್ಲಾನ್. ನನ್ನ ಪ್ಲಾನೂ ಹೆಚ್ಚುಕಡಿಮೆ ಅದೇ: ಏರು, ಇಂಜಿನ್, ಬಾಳಾಸಾಹೇಬ, ಓವರ್‌ಟೇಕ್, ಮುಕ್ತಾಯ. ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಅಂದುಕೊಂಡೆ.

3

(ಎರಡು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ರೇಸ್ ಇತ್ತು.)

"ನಾ ಯಾರ್ನೂ ಹಿಂದ ಹಾಕಂಗಿಲ್ರಿ," ಅಂದ ವಿಠೋಬ. "ಕುರಿ ಇರ್ತಾವ. ಬಿದ್ದು ಕಾಲ ಮುರಕೊಂಡ್ರ ನೀವು ಬಂದು ಕಟ್ತೀರೇನು?"

"ಕಥೀಗೆ ಒಂದೀಟು ಜೋಶ್ ಬೇಕಲ್ಲ, ವಿಠೋಬಣ್ಣ."

"ಜೋಶ್ ನಿಮಗ ಬೇಕು. ನನಗ ಏರು ಹತ್ತೂದು ಬೇಕು."

ರೇಸ್ ಹರಿದು ಹಾಕಿದೆ. ಒಳ್ಳೆಯ ರೇಸ್ ಆಗಿತ್ತು. ಬಾಳಾಸಾಹೇಬ ಗಟಾರಕ್ಕೆ ಬೀಳುತ್ತಿದ್ದ.

4

ಜತ್ತ ಪಟ್ಟಣದ ಗ್ಯಾರೇಜು. ಮೆಕ್ಯಾನಿಕ್ ಅಪ್ಪಾಸಾಹೇಬ ಒಂದು ಮಾತಿಗೆ ಹತ್ತು ಮಾತು ಬೆಳೆಸುವ ಮನುಷ್ಯ. ಪುಟ ತುಂಬಿಸಲು ಇಂಥವರು ಬೇಕು, ಹಾಗಾಗಿ ಅವನನ್ನು ನಾನು ತಡೆಯಲಿಲ್ಲ.

"ಸಿಲಿಂಡರ್ ಸವದಾವ," ಅಂದ. "ಬೋರ್ ಹೊಡ್ಸಿ, ಒಂದ್ ಸೈಜ್ ದೊಡ್ಡ ಪಿಸ್ಟನ್ ಹಾಕೂದು. ಹೆಡ್ ಬಿಚ್ಚಿ ಗಾಳಿ ಹೋಗು ದಾರಿ ನುಣ್ಣಗ ಮಾಡೂದು, ಅಂದ್ರ ಗಾಡಿ ಚಲೋತ್ನ್ಯಾಗಿ ಉಸರಾಡ್ತೈತಿ. ಡೀಸೆಲ್ ಪಂಪ್ ಒಂದ್ ಚೂರು ಏರ್ಸೂದು. ಒಂದ ಚೂರು! ಭಾಳ ಏರ್ಸಿದ್ರ ಕರೀ ಹೊಗಿ. ಆಸೇಬುರಕರ ಗಾಡಿ ಎಲ್ಲಾ ಅಲ್ಲಿ ಬಿದ್ದಾವ, ನೋಡ್ರಿ."

ನೋಡಿದೆವು. ಬಹಳ ಇದ್ದವು.

"ಮತ್ತ ಜೋರು ಬಂತಂದ್ರ ಬಿಸೀನೂ ಬರ್ತೈತಿ. ಈ ರೇಡಿಯೇಟರ್ ನಡ್ಯಂಗಿಲ್ಲ. ಇದಕಿಂತ ದಪ್ಪಂದು ಹಾಕ್ಬೇಕು."

ಹಳೆಯ ಟೈರಿನ ಮೇಲೆ ಕೂತಿದ್ದ ಚನ್ನವ್ವ ತಲೆ ಎತ್ತಿದಳು. "ಇಂಜಿನ್ ಏನರ ಮಾಡ್ರಿ. ರೇಡಿಯೇಟರ್ ಮಾತ್ರ ಹಳೇದ ಇರ್ಲಿ."

"ಅಕ್ಕಾರ, ಹಂಗ ಮಾಡಿದ್ರ ಕುದ್ದು ಕುದ್ದು ಹೆಡ್ ಸೊಟ್ಟ ಆಗ್ತೈತಿ. ಮಾಡಿದ್ದೆಲ್ಲಾ ನೀರಾಗ ಹೋಮ ಮಾಡಿದಂಗ."

"ಇಷ್ಟ ವರ್ಷ ಕುದ್ದೈತಿ. ಏನಾಗೇತಿ?"

ವಿಠೋಬ ಗೋಡೆಗೆ ನೇತುಹಾಕಿದ್ದ ಫ್ಯಾನ್ ಬೆಲ್ಟುಗಳನ್ನು ನೋಡುತ್ತಿದ್ದ. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ, "ಹೊಸಾದ ಹಾಕು," ಅಂದ. ಚನ್ನವ್ವ ಎದ್ದು ಹೊರಗೆ ಹೋದಳು.

ಇದು ನನ್ನ ಪ್ಲಾನಿನಲ್ಲಿ ಇರಲಿಲ್ಲ. "ಚನ್ನವ್ವನಿಗೆ ಹಳೆಯ ವಸ್ತುಗಳೆಂದರೆ ಏನೋ ಮಮತೆ" ಎಂದು ಬರೆದು ಮುಂದೆ ಹೋಗಲು ನೋಡಿದೆ. ಅವಳು ಹಾಳೆಯೊಳಗಿಂದಲೇ ನನ್ನನ್ನು ಕೆಕ್ಕರಿಸಿ ನೋಡಿದಳು.

"ಮಮತೆನೂ ಇಲ್ಲ ಮಣ್ಣೂ ಇಲ್ಲ. ಏರಿನ ಅರ್ಧಕ್ಕ ಯಾರ ಮನಿ ಐತಿ? ದಿಬ್ಬ ಮಾಡಿದವ್ರು ನೀವ, ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿರಲಿಲ್ಲ, ದೇವರಾಣೆ. ಅಲ್ಲೊಂದು ಬೇವಿನ ಮರ, ಒಂದು ತಗಡಿನ ಮನೆ ಇಟ್ಟಿದ್ದೆ, ದೃಶ್ಯ ಬೋಳಾಗಿ ಕಾಣಬಾರದೆಂದು. ಅದು ಅವರ ಮಗಳು ರೂಪಾಲಿಯ ಗಂಡನ ಮನೆ.

5

ಈಗ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಕಥೆ ಇಲ್ಲೇ ಬಂದ್ ಬೀಳುತ್ತದೆ. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಮಗಳು ಹಡೆಯುವ ತನಕ ತಾಯಿತಂದೆ ಅವಳ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ಕಾರಣವಿಲ್ಲದೆ ಹೋಗಿ ಕೂರುವುದೂ ಇಲ್ಲ. ಹೋದರೆ ಬೀಗರು "ಯಾಕ ಬಂದ್ರಿ" ಎಂದು ಕೇಳುವುದಿಲ್ಲ, ಆದರೆ ಕೇಳದೆ ಇರುವುದು ಎಲ್ಲರಿಗೂ ಕೇಳಿಸುತ್ತದೆ. ರೂಪಾಲಿಯ ಮದುವೆಯಾಗಿ ಕೆಲವು ವರ್ಷಗಳಾದವು. ಇನ್ನೂ ಮಗುವಾಗಿಲ್ಲ.

ಆದರೆ ಗಾಡಿ ಕುದ್ದು ನಿಂತರೆ ಯಾರೂ ತಪ್ಪು ತಿಳಿಯುವಂತಿಲ್ಲ. ರೂಪಾಲಿ ಕೊಡ ಹಿಡಿದು ಓಡಿ ಬರುತ್ತಾಳೆ. ಇಂಜಿನ್ ಆರುವ ತನಕ ತಾಯಿಮಗಳು ಬೇವಿನ ಬುಡದಲ್ಲಿ ಕೂತು ಮಾತಾಡುತ್ತಾರೆ. ಚನ್ನವ್ವ ಸೀಟಿನ ಕೆಳಗಿಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಇರುವ ಗಂಟು ತೆಗೆದು ಕೊಡುತ್ತಾಳೆ. ಕೊಡುವುದಕ್ಕೆ ಅಡ್ಡಿಯಿಲ್ಲ, ತೆಗೆದುಕೊಳ್ಳುವುದಕ್ಕೆ ಮಾತ್ರ.

"ಆ ಮನಿ ನೀರು ನಾವು ಕುಡ್ಯಂಗಿಲ್ಲ, ರೇಡಿಯೇಟರ್ ಕುಡೀತೈತಿ," ಅಂದಳು ಚನ್ನವ್ವ. "ಅದು ಕುಡ್ಯೂತನಕ ನಾ ಮಗಳ ಮಾರಿ ನೋಡ್ತೀನಿ. ಗಾಡಿ ಭರ್ರನ ಏರು ಹತ್ತಿದ್ರ ನಾ ಏನ್ ನೋಡ್ಲಿ? ಬೇವಿನ ಗಿಡಾ?"

ನನಗೆ ಬಹಳ ಕೆಡುಕೆನಿಸಿತು. ಏರನ್ನು ಚಪ್ಪಟೆ ಮಾಡಿಬಿಡೋಣವೆಂದು ರಬ್ಬರ್ ಕೈಗೆತ್ತಿಕೊಂಡೆ. ಏರೇ ಇಲ್ಲದಿದ್ದರೆ ಗಾಡಿ ಇನ್ನೂ ಲಗೂನ ಹೋಗುತ್ತದೆ ಎಂದು ಆಮೇಲೆ ಹೊಳೆಯಿತು.

5ರ ಕೆಳಗೆ, ಹೊಡೆದು ಹಾಕಿದ ಸಾಲುಗಳು

ವೀಡಿಯೊ ಕಾಲ್ ಮಾಡಿಸಿದೆ. "ಫೋನಿನ್ಯಾಗ ಮಾರಿ ಕಾಣ್ತೈತಿ, ಸೊರಗಿದ್ದು ಕಾಣಂಗಿಲ್ಲ," ಅಂದಳು ಚನ್ನವ್ವ.

ಚನ್ನವ್ವ ದಿಟ್ಟ ಹೆಜ್ಜೆಯಿಟ್ಟು ಮಗಳ ಮನೆಯೊಳಗೆ ನಡೆದು, ಹಳೆಯ ಕಟ್ಟಳೆ ಮುರಿದು, ಗಟಗಟ ನೀರು ಕುಡಿಯುವ ಹಾಗೆ ಬರೆದೆ. "ಇದ್ಯಾವ ನಾಟಕಾರೀ? ನಾ ಕುಡದು ಮನೀಗೆ ಬರ್ತೀನಿ. ಅಕೀನ ಅತ್ತಿ ಓಣಿ ತುಂಬ ಆಡ್ಕೊಂತ ತಿರಗ್ತಾಳ. ಅಲ್ಲಿ ಬಾಳೇ ಮಾಡಾಕಿ ನನ್ನ ಮಗಳು, ನೀವಲ್ಲ."

ಕೊನೆಗೆ, ಎಲ್ಲ ಸಲೀಸಾಗಲೆಂದು, "ರೂಪಾಲಿಗೆ ಮೂರು ತಿಂಗಳು" ಎಂದು ಬರೆಯಹೋದೆ. ಮೂರು ಎಂದು ಬರೆಯುವಷ್ಟರಲ್ಲಿ ರೂಪಾಲಿಯೇ ಬಂದು ನಿಂತಳು.

"ನಿಮ್ಮ ಕಥಿ ಮುಗ್ಸಾಕ ನಾ ಹಡೀಬೇಕೇನ್ರಿ?"

"ಹಂಗಲ್ಲವಾ…"

"ಕೇಳವ್ರು ಮೊದ್ಲ ಭಾಳ ಮಂದಿ ಅದಾರ. ನೀವೂ ಸಾಲಿಗೆ ನಿಂದರ್ರಿ."

ಕೈಮುಗಿದು ಕ್ಷಮೆ ಕೇಳಿದೆ. ಈ ಇಡೀ ಕಥೆಯಲ್ಲಿ ನನಗೆ ನಿಜವಾಗಿ ನಾಚಿಕೆಯಾದದ್ದು ಆ ಸಾಲಿನ ಬಗ್ಗೆ. ಹೊಂಬಿಸಿಲಿನದು ಏನೂ ಅಲ್ಲ.

6

ನನ್ನ ಸಿಟ್ಟೆಲ್ಲ ವಿಠೋಬನ ಮೇಲೆ ಬಂತು. ಇಂಜಿನ್ನು ಬಿಚ್ಚಿ ತಾಡಪತ್ರಿಯ ಮೇಲೆ ಹರವಿಟ್ಟಿದ್ದರು, ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಚನ್ನವ್ವಕ್ಕ ಯಾಕ ಬ್ಯಾಡಂತಾರ, ನಿಮಗ ಗೊತ್ತೈತೋ ಇಲ್ಲೋ?"

"ಗೊತ್ತೈತ್ರಿ."

"ಗೊತ್ತಿದ್ದೂ?"

ಒಂದು ವಾಲ್ವ್ ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸಿದ. ಅದಾಗಲೇ ಸ್ವಚ್ಛವಾಗಿತ್ತು.

"ವಾರಾ ವಾರಾ ಅಪ್ಪನ ಗಾಡಿ ಅವ್ರ ಬಾಗಲ ಮುಂದ ಉಗಿ ಬಿಟ್ಟು ನಿಂದ್ರತೈತಿ. ಅತ್ತಿಮನ್ಯಾಗ ನಗತಾರ್ರಿ. 'ಬಂತ ನೋಡು ನಿಮ್ಮಪ್ಪನ ರಥಾ' ಅಂತಾರ. ರೂಪಾಲಿ ಹೇಳಂಗಿಲ್ಲ, ನೀರ ಹಾಕೂಮುಂದ ಅಕೀನ ಮಾರಿಮ್ಯಾಗ ನನಗ ಕಾಣ್ತೈತಿ. ಅಕಿ ಬಾಗಲದಾಗ ನಿಂತಿರಬೇಕು, ಅಪ್ಪನ ಗಾಡಿ ಜೋರಾಗಿ ಹೋಗ್ಬೇಕು. ಒಂದ ಸಲಾರ ನೋಡ್ಲಿ."

ವಿಠೋಬ ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು. (ಓದುಗರೇ, ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಮಗಳನ್ನು ನೋಡಬೇಕು ಅಂತ ತಾಯಿ, ಮಗಳ ತಲೆ ತಗ್ಗಬಾರದು ಅಂತ ತಂದೆ. ನಡುವೆ ಒಂದು ರೇಡಿಯೇಟರ್.)

7

ಇಂಜಿನ್ ತಯಾರಾಯಿತು. ಹೊಸ ಪಿಸ್ಟನ್, ನುಣುಪಾದ ಹೆಡ್, ಒಂದೇ ಚೂರು ಏರಿಸಿದ ಪಂಪ್, ದಪ್ಪ ರೇಡಿಯೇಟರ್. "ಮೊದಲೀಗೆ ಹಗೂರ ಓಡಿಸ್ರಿ, ಒಂದಕ್ಕೊಂದು ಹೊಂದ್ಕೊಬೇಕು," ಅಂದ ಅಪ್ಪಾಸಾಹೇಬ. ಕೆಲವು ವಾರ ಖಾಲಿ ಗಾಡಿ ಓಡಿಸಿ, ಕುರಿಗಳನ್ನು ಬೇರೆಯವರ ಕೈಲಿ ಕಳಿಸಿ, ಇವತ್ತು ಮೊದಲ ಸಲ ತುಂಬಿಕೊಂಡು ಸಂತೆಗೆ ಹೊರಟಿದ್ದಾರೆ. ಸೆಲ್ಫ್ ತಿರುಗಿಸಿದ ಕೂಡಲೇ ಎದ್ದಿತು.

ನಾನು ಮುಕ್ತಾಯಗಳನ್ನು ರೆಡಿ ಇಟ್ಟುಕೊಂಡಿದ್ದೆ.

ಮುಕ್ತಾಯ ಅ: ಪಿಕಪ್ ಕುದಿಯದೆ ಏರು ಹತ್ತುತ್ತದೆ. ರೂಪಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಗಾಡಿ ನಿಲ್ಲುವುದಿಲ್ಲ. ಚನ್ನವ್ವ ಕನ್ನಡಿಯಲ್ಲಿ ಮಗಳನ್ನು ನೋಡುತ್ತಾಳೆ. ನೀವು ಅಳುತ್ತೀರಿ.

ಮುಕ್ತಾಯ ಆ: ಇಂಜಿನ್ ಕೈಕೊಡುತ್ತದೆ. (ಅಪ್ಪಾಸಾಹೇಬ ಇದನ್ನು ಓದಿ, "ನನ್ನ ಕೆಲಸಕ್ಕ ಹೆಸರಿಡ್ತೀರೇನ್ರಿ? ಜತ್ತಕ್ಕ ಬರ್ರಿ ಒಮ್ಮೆ," ಅಂದಿದ್ದಾನೆ. ನಾನು ಆಗಾಗ ಜತ್ತಕ್ಕೆ ಹೋಗಲೇಬೇಕು.)

ಹಾಗಾಗಿ ಅ ಎಂದು ತೀರ್ಮಾನಿಸಿ ಬರೆಯತೊಡಗಿದೆ. ಗಾಡಿ ಜಾಲಿ ದಿಬ್ಬದ ಬುಡಕ್ಕೆ ಬಂತು. ಚನ್ನವ್ವ ರೊಟ್ಟಿಯ ಗಂಟು ತಂದಿದ್ದಳು, ಕಾಲ ಕೆಳಗೆ ಇಟ್ಟುಕೊಂಡಿದ್ದಳು. ವಿಠೋಬ ಗೇರ್ ಬದಲಿಸಿ…

ನಿಲ್ಲಿಸಿದ.

"ಯಾಕ್ರಿ?" ಅಂದೆ.

"ಒಂದಕ್ಕ ಹೋಗಿ ಬರ್ತೀನಿ," ಎಂದು ಸೀಟಿನ ಹಿಂದಿನಿಂದ ಪಕ್ಕಡ, ಅಂದರೆ ನಟ್ಟು ತಿರುಗಿಸುವ ಇಕ್ಕಳ, ತೆಗೆದುಕೊಂಡು ಇಳಿದ.

ಒಂದಕ್ಕೆ ಹೋಗುವವನಿಗೆ ಪಕ್ಕಡ ಯಾಕೆ? ಆ ಪಕ್ಕಡವನ್ನು ನಾನು ಈ ಕಥೆಯಲ್ಲಿ ಎಲ್ಲೂ ಇಟ್ಟಿರಲಿಲ್ಲ. ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದೆ, ಇಲ್ಲ. ಅವನು ಗಾಡಿಯ ಮುಂದೆ ಬಗ್ಗಿ ಕಾಣದಾದ. ಸ್ವಲ್ಪ ಹೊತ್ತಿಗೆ ಗಾಡಿಯ ಕೆಳಗಿಂದ ಹೊಗೆಯಾಡುವ ನೀರು ಹರಿದು ದಂಡೆಯ ಜಾಲಿ ಗಿಡದ ಬುಡಕ್ಕೆ ಹೋಯಿತು. ರೇಡಿಯೇಟರಿನ ಅಡಿಯಲ್ಲಿ ನೀರು ಬಿಡಲು ಒಂದು ಸಣ್ಣ ನಳ ಇರುತ್ತದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಚನ್ನವ್ವ ಕಿಟಕಿಯಿಂದ ಬಗ್ಗಿ ಆ ನೀರನ್ನು ನೋಡಿದಳು. ಕಾಲ ಕೆಳಗಿನ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ವಿಠೋಬ ಕೈ ಒರೆಸಿಕೊಳ್ಳುತ್ತ ಹತ್ತಿ ಕೂತ.

"ಆತೇನ್ರಿ?" ಅಂದಳು ಚನ್ನವ್ವ.

"ಆತು."

ಇಬ್ಬರೂ ನೇರ ರಸ್ತೆಯನ್ನೇ ನೋಡುತ್ತಿದ್ದರು. ನನ್ನನ್ನಂತೂ ಯಾರೂ ನೋಡಲಿಲ್ಲ.

ಏರಿನ ಅರ್ಧಕ್ಕೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ, ಉಗಿ ಎದ್ದು, ಕುರಿಗಳು ಬಾಯಿ ತೆಗೆದವು. ಬಾಳಾಸಾಹೇಬ ಹಾರ್ನ್ ಹೊಡೆದು ಮುಂದೆ ಹೋದ. ರೂಪಾಲಿ ಕೊಡ ಹಿಡಿದು ಓಡಿ ಬಂದಳು. ಒಳಗಿಂದ ಅವಳ ಅತ್ತೆಯ ದನಿ: "ಬೀಗರ, ಹೊಸಾದೂ ಹಂಗ ಏನ್ರಿ?"

"ಹಂಗ ನೋಡ್ರಿ ಬೀಗತಿ," ಎಂದು ವಿಠೋಬ ನಕ್ಕ. ನಗುತ್ತಲೇ ಬಾನೆಟ್ ಎತ್ತಿದ.

"ಹೊಸ ಇಂಜಿನ್ನೂ ಕಾಯ್ತೇನಪ್ಪಾ?" ರೂಪಾಲಿ ಕೇಳಿದಳು.

"ಹೊಸಾದು ಭಾಳ ಕುಡೀತೈತಿ, ಮಗಳ."

ಇಂಜಿನ್ ಆರಿದ ಮೇಲೆ ರೂಪಾಲಿ ನೀರು ಹಾಕಿದಳು. ಹಾಕುತ್ತಿದ್ದಂತೆ ಕೆಳಗೆ ಟಪ್ ಟಪ್ ಎಂದು ಹನಿ ಬೀಳುವುದು ಕೇಳಿಸಿತು. ಬಗ್ಗಿ ನೋಡಿದಳು. ನಳ ಪೂರ್ತಿ ಬಿಗಿಯಾಗಿರಲಿಲ್ಲ. ಅದರ ಮೇಲೆ ಪಕ್ಕಡದ ಹಲ್ಲಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು. ಅಪ್ಪನ ಮುಖ ನೋಡಿದಳು. ಅಪ್ಪ ಬೇವಿನ ಮರ ನೋಡುತ್ತಿದ್ದ.

"ಇನ್ನೊಂದ್ ಕೊಡ ತರ್ತೀನಿ," ಅಂದಳು ರೂಪಾಲಿ. "ಅವ್ವಾ, ನೀ ಇಳಿ. ಕುಂದ್ರು ಬಾ."

8

ತುಂಬಿದ ಗಾಡಿ ಉಳಿದ ಅರ್ಧ ಏರನ್ನು ಹತ್ತಿತೇ ಎಂದು ನೀವು ಕೇಳುತ್ತೀರಿ. ಕೇಳುವುದು ನಿಮ್ಮ ಹಕ್ಕು, ಇಷ್ಟು ದೂರ ಬಂದಿದ್ದೀರಿ. ನಾನೂ ಅದನ್ನೇ ಬರೆಯಬೇಕೆಂದು ವಿಠೋಬನ ಹತ್ತಿರ ಹೋಗಿ ಮೆತ್ತಗೆ ಹೇಳಿದೆ:

"ವಿಠೋಬಣ್ಣ, ಆ ನಳ ಒಂದೀಟು ಬಿಗಿ ಮಾಡ್ರಿ. ಕಥಿ ಮುಗಸ್ತೀನಿ."

ಬೇವಿನ ಬುಡದಲ್ಲಿ ಚನ್ನವ್ವ ಗಂಟು ಬಿಚ್ಚುತ್ತಿದ್ದಳು. ವಿಠೋಬ ಪಕ್ಕಡವನ್ನು ಜೇಬಿಗೆ ಹಾಕಿಕೊಂಡ.

"ಸೋರ್ಲಿ ಬಿಡ್ರಿ," ಅಂದ.