ಹರಕೆ ಹೊತ್ತವಳು

ಸುವಾರ್ತ ಹುಟ್ಟುವ ಮೊದಲೇ ಅವಳ ಬದುಕಿನ ಮಾತುಕತೆ ಮುಗಿದುಹೋಗಿತ್ತು. ಅವಳ ತಾಯಿ ನಾಗರತ್ನಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ಮತ್ತೆ ಮತ್ತೆ ಹೋಗಿ, ಕಣ್ಣೀರೂ ಬತ್ತಿ, ಕೊನೆಗೊಮ್ಮೆ ಪ್ರಾರ್ಥನೆಗೆ ಕುಳಿತವಳು ಈ ಸಲ ಒಂದು ಕೂಸು ಉಳಿಸಿಕೊಡಪ್ಪ, ಅದನ್ನು ನಿನ್ನ ಸೇವೆಗೇ ಬಿಡುತ್ತೇನೆ ಎಂದು ಯೇಸುವಿಗೆ ಹೇಳಿಬಿಟ್ಟಳು. ಬೈಬಲ್ಲಿನ ಹನ್ನಳೂ ಹೀಗೇ ಬೇಡಿಕೊಂಡು, ಹುಟ್ಟಿದ ಸಮುವೇಲನನ್ನು ದೇವಾಲಯಕ್ಕೆ ಕೊಟ್ಟಳಲ್ಲ, ಅದೇ ಧೈರ್ಯ. ಕೂಸು ಉಳಿಯಿತು. ಯೇಸು ಆಗ ಏನೆಂದನೋ ಯಾರಿಗೂ ಗೊತ್ತಿಲ್ಲ. ನಾಗರತ್ನ ಮಾತ್ರ ವ್ಯವಹಾರ ಕುದುರಿತೆಂದೇ ತಿಳಿದಳು.

ಹರಕೆ ಮನೆಯಲ್ಲೇ ಬೆಳೆಯಿತು, ಹುಡುಗಿಯ ಜೊತೆಗೇ. ಎಸ್ಸೆಸ್ಸೆಲ್ಸಿ ಆಗಲಿ ಎಂದರು, ಆಯಿತು. ಐಟಿಐ ಆಗಲಿ ಎಂದರು, ಅದೂ ಆಯಿತು. ಎಲೆಕ್ಟ್ರಿಷಿಯನ್ ಕಲಿತ ಸುವಾರ್ತ ಈಗ ದಿನಾ ತೆಲಿಗಿಯಿಂದ ಬಸ್ಸು ಹತ್ತಿ ಹರಪನಹಳ್ಳಿಯ ದಸ್ತಗಿರಿ ಚಾಚಾನ ಅಂಗಡಿಗೆ ಹೋಗುತ್ತಾಳೆ. ಸುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರು ಸುಟ್ಟರೆ ಬರುವುದು ಅಲ್ಲಿಗೇ. ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವಳ ಕೆಲಸ. ಮೊದಮೊದಲು ಹುಡುಗಿ ಸುತ್ತಿದ ಮೋಟರು ನೀರೆತ್ತುತ್ತದೇನು ಎಂದು ಹಲ್ಲು ಕಿಸಿದ ಹಲವಾಗಲು ಊರಿನ ಬೀರಲಿಂಗೇಶ್, ಈಗ ಬಂದರೆ ಅವಳು ಇದ್ದಾಳೋ ಇಲ್ಲವೋ ಎಂದು ಹೊರಗಿನಿಂದಲೇ ಇಣುಕಿ ನೋಡಿ, ಇದ್ದರೆ ಮಾತ್ರ ಮೋಟರು ಇಳಿಸುತ್ತಾನೆ.

ಇನ್ನು ಮುಂದೂಡುವುದಕ್ಕೆ ಏನೂ ಉಳಿದಿರಲಿಲ್ಲ. ಪಾಸ್ಟರ್ ಗುರುಮೂರ್ತಿಯವರು ದೂರದ ಊರಿನ ಬೈಬಲ್ ಶಾಲೆಯಲ್ಲಿ ಸೀಟು ಮಾತಾಡಿ ಬಂದಿದ್ದರು. ಬರುವ ಭಾನುವಾರ ಸಭೆಯ ಎದುರು ಸಮರ್ಪಣೆ, ಮರುದಿನವೇ ಪ್ರಯಾಣ.

ಸುವಾರ್ತಳಿಗೆ ದೇವರು ಬೇಡವಾಗಿದ್ದರೆ ಗಲಾಟೆ ಮಾಡಿಯಾದರೂ ತಪ್ಪಿಸಿಕೊಳ್ಳುತ್ತಿದ್ದಳು. ಬೇಕಾಗಿದ್ದ. ಅದೇ ಫಜೀತಿ. ಬೈಬಲ್ಲು ಬಿಚ್ಚಿ ಕುಳಿತರೆ ಅಕ್ಷರ ಕಣ್ಣಿಗೆ ಹತ್ತುತ್ತಿತ್ತು, ಮನಸ್ಸಿಗೆ ಹತ್ತುತ್ತಿರಲಿಲ್ಲ. ಸಮುವೇಲನನ್ನು ದೇವರು ಹೆಸರು ಹಿಡಿದು ಕರೆದನಂತೆ. ನನ್ನನ್ನೂ ಒಂದು ಸಲ ಕರೆದುಬಿಡು, ಹೊರಟೇಬಿಡುತ್ತೇನೆ ಎಂದು ಬಸ್ಸಿನ ಕಿಟಕಿಗೆ ತಲೆಯಿಟ್ಟು ಬೇಡಿಕೊಂಡಳು. ಕರೆದವನು ಕಂಡಕ್ಟರ್, ಅದೂ ಟಿಕೆಟ್ಟಿಗೆ. ಆದರೆ ಸುತ್ತಿ ಮುಗಿಸಿದ ಮೋಟರಿಗೆ ಕರೆಂಟು ಕೊಟ್ಟು, ಅದು ತಡವರಿಸದೆ ಗುಂಯ್ ಎಂದು ತಿರುಗಿದಾಗ ಅವಳ ಬಾಯಿಂದ ತಾನಾಗಿಯೇ 'ಸ್ತೋತ್ರ' ಎಂದು ಬರುತ್ತಿತ್ತು. ಪ್ರಾರ್ಥನಾ ಮಂದಿರದಲ್ಲಿ ಬಾರದ್ದು ಗ್ರೀಸು ಮೆತ್ತಿದ ಅಂಗಡಿಯಲ್ಲಿ ಬರುತ್ತದಲ್ಲ ಎಂದು ಅವಳಿಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆ ವಾರ ಅವಳ ಕೈ ನೆಟ್ಟಗಿರಲಿಲ್ಲ. ಒಂದು ಮೋಟರಿನ ತಂತಿಗಳನ್ನು ಅದಲುಬದಲು ಜೋಡಿಸಿಬಿಟ್ಟಳು. ಕರೆಂಟು ಕೊಟ್ಟರೆ ಅದು ತಿರುಗದೆ ನರಳಿ ಹೊಗೆಯಾಡಿತು. ದಸ್ತಗಿರಿ ಬೈಯಲಿಲ್ಲ. ಓಡಿಹೋಗಿ ಸ್ವಿಚ್ಚು ತೆಗೆದು, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತ.

"ಕೈ ಇಲ್ಲೈತಿ, ಜೀವ ಎಲ್ಲೋ ಐತಿ ಬೇಟಿ. ಏನಾಗೈತಿ?"

ಸುವಾರ್ತ ಎಲ್ಲ ಹೇಳಿದಳು. ಮುದುಕ ಗಡ್ಡ ಕೆರೆದುಕೊಂಡು, ದೇವರ ಲೆಕ್ಕಕ್ಕೆ ತಾನು ಬಾಯಿ ಹಾಕುವವನಲ್ಲ, ತಮ್ಮಲ್ಲೂ ಹರಕೆ ಅಂದರೆ ಹರಕೆಯೇ ಎಂದ. ಹೇಳಿ ಎದ್ದವನು ಮಧ್ಯಾಹ್ನವಿಡೀ ಪಾನಾ, ಸುತ್ತಿಗೆಗಳನ್ನು ಅಲ್ಲಿಂದಿಲ್ಲಿಗೆ ಎತ್ತಿ ಕುಕ್ಕುತ್ತಲೇ ಇದ್ದ. ಇಷ್ಟು ಚಂದ ಕೆಲಸ ಮಾಡುವ ಹುಡುಗಿಯನ್ನು ಕಳೆದುಕೊಳ್ಳುವ ಸಂಕಟ ಅವನಿಗೂ ಇತ್ತು.

ಆ ಸಂಜೆ ಸುವಾರ್ತ ತಾಯಿಗೆ ಹೇಳಿಯೇಬಿಟ್ಟಳು, ತನಗೆ ಹೋಗುವ ಮನಸ್ಸಿಲ್ಲ ಎಂದು. ನಾಗರತ್ನ ಕೂಗಾಡಲಿಲ್ಲ. ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚಿ, ಉಪವಾಸ ಪ್ರಾರ್ಥನೆಗೆ ಕುಳಿತಳು. ಜಗಳವಾಡುವ ತಾಯಿಗೆ ಎದುರು ಮಾತಾಡಬಹುದು, ಊಟ ಬಿಟ್ಟ ತಾಯಿಗೆ ಏನು ಹೇಳುವುದು? ಹಮಾಲಿ ಕೆಲಸ ಮುಗಿಸಿ ಬಂದ ಅಪ್ಪ ಪಾಲಾಕ್ಷ ಹೆಂಡತಿಯನ್ನೊಮ್ಮೆ ಮಗಳನ್ನೊಮ್ಮೆ ನೋಡಿ, ತನಗೆ ತಾನೇ ಬಡಿಸಿಕೊಂಡು ಉಂಡ. ಮೂರನೆಯ ದಿನ ನಾಗರತ್ನ ನೀರಿನ ಕೊಡ ಎತ್ತಲು ಹೋಗಿ ಗೋಡೆ ಹಿಡಿದು ನಿಂತಳು. ಸುವಾರ್ತ ಕೊಡ ಇಸಿದುಕೊಂಡು, ಆಯಿತು ಹೋಗುತ್ತೇನೆ, ಈಗ ಉಣ್ಣು ಎಂದಳು.

ನಾಗರತ್ನ ಕೆಟ್ಟವಳಲ್ಲ. ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಸಾವಾದರೂ ಜನ ಮೊದಲು ಹುಡುಕುವುದು ಅವಳನ್ನು. ಬೈಬಲ್ ಓದಬೇಕೆಂಬ ಒಂದೇ ಆಸೆಗೆ ದೊಡ್ಡವಳಾದ ಮೇಲೆ ಅಕ್ಷರ ಕಲಿತು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಪಾಸ್ಟರು ಬಾರದ ದಿನ ಪ್ರಾರ್ಥನೆ ನಡೆಸುವವಳೂ ಅವಳೇ. ಆಗಲೂ ಎದ್ದು ಮುಂದೆ ಬರುವವಳಲ್ಲ, ಹಿಂದಿನ ಗೋಡೆಗೆ ಒರಗಿ ಕುಳಿತಲ್ಲೇ ನಡೆಸುವಳು. ಅವಳ ತಾಯಿ ದ್ಯಾಮಕ್ಕನನ್ನು ಎಳೆಯ ವಯಸ್ಸಿನಲ್ಲೇ ಕೊರಳಿಗೆ ಮುತ್ತು ಕಟ್ಟಿ ದೇವಿಯ ಹೆಸರಿಗೆ ಬಿಟ್ಟಿದ್ದರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ, ಗಂಡನಿಲ್ಲ. ಊರಿನ ದೊಡ್ಡವರು ಬಂದಾಗ ಬಾಗಿಲು ತೆರೆಯಬೇಕು. ಹಾಗೆ ಹುಟ್ಟಿದ ನಾಗರತ್ನಳಿಗೆ ಶಾಲೆಯಲ್ಲಿ ತಂದೆಯ ಹೆಸರು ಕೇಳಿದರು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ.

ದ್ಯಾಮಕ್ಕ ಮಗಳ ಹಿಂದೆ ಕ್ರೈಸ್ತಳಾಗಲಿಲ್ಲ. ಭಾನುವಾರ ಮಂದಿರದವರೆಗೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಳಗೆ ಬಾ ಎಂದವರಿಗೆಲ್ಲ, ಒಬ್ಬ ದೇವರಿಗೆ ಬಿಟ್ಟದ್ದೇ ಸಾಕಾಗಿದೆ ಎಂದು ಉತ್ತರ ಕೊಡುತ್ತಿದ್ದಳು.

ಭಾನುವಾರ ನಾಗರತ್ನ ಮಗಳಿಗೆ ಹೊಸ ಬಿಳಿ ಸೀರೆ ಉಡಿಸಿದಳು. ಸಭೆ ಹಾಡುತ್ತಿದ್ದಾಗ ಅವಳ ಕೈ ಹಿಡಿದು ಹಿಂದಿನ ಗೋಡೆಯಿಂದ ಮುಂದಕ್ಕೆ ಕರೆದುಕೊಂಡು ಬಂದಳು. ಸುವಾರ್ತಳಿಗೆ ತಿರುಗಿ ಓಡಿಬಿಡಲೇ ಎನ್ನಿಸುತ್ತಿತ್ತು. ಪಾಸ್ಟರು ಪ್ರಾರ್ಥಿಸಿ ಮುಗಿಸಿದರು, ಹಾಡು ಮತ್ತೆ ಎದ್ದಿತು. ನಾಗರತ್ನ ಬಿಳಿ ದಾರಕ್ಕೆ ಪೋಣಿಸಿದ ಶಿಲುಬೆಯನ್ನು ಮಗಳ ಕೊರಳಿಗೆ ಕಟ್ಟಲು ಎರಡೂ ಕೈ ಎತ್ತಿದಳು.

"ನಾಗೀ, ತಡಿ."

ದ್ಯಾಮಕ್ಕ ಒಳಗೆ ಬಂದು ನಿಂತಿದ್ದಳು. ಹಾಡು ಅಲ್ಲಲ್ಲೇ ನಿಂತಿತು.

"ನಂಗ ಮುತ್ತು ಕಟ್ಟಿದಾಗ್ಲೂ ಹಿಂಗಾ ಹೊಸ ಸೀರಿ ಉಡ್ಸಿದ್ರು. ಹಿಂಗಾ ಎಲ್ಲಾರೂ ಹಾಡಿದ್ರು. ನನ್ನ ಮಾತ್ರ ಯಾರೂ ಕೇಳ್ಲಿಲ್ಲ."

ಪಾಸ್ಟರ್ ಗುರುಮೂರ್ತಿಯವರು ಮೆಲ್ಲಗೆ, ಇದು ಅದಲ್ಲ ಅಜ್ಜಿ, ಅದಕ್ಕೂ ಇದಕ್ಕೂ ಬಹಳ ಅಂತರವಿದೆ ಎಂದು ತಿಳಿಸಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ದ್ಯಾಮಕ್ಕ ಪೂರ್ತಿ ಕೇಳಿಸಿಕೊಂಡಳು.

"ಬ್ಯಾರೆ ಇರಬೌದ್ರಿ. ಹುಡಿಗಿನ ಕೇಳಿರೇನು ಅಂತ ಅಷ್ಟಾ ನಾ ಕೇಳಿದ್ದು."

ಪಾಸ್ಟರ ಮುಖ ಸಣ್ಣದಾಯಿತು. ನಿಜಕ್ಕೂ ಅವರು ಕೇಳಿರಲಿಲ್ಲ. ಸುವಾರ್ತಳ ಕಡೆ ತಿರುಗಿ, ನಿನ್ನ ಮನಸ್ಸಿನಲ್ಲಿ ಏನಿದೆಯಮ್ಮ ಎಂದರು.

"ನಂಗ ದೇವ್ರು ಬೇಕು ಅಯ್ನೋರೆ," ಎಂದಳು ಅವಳು. "ಆದ್ರ ನಂಗ ಆತ ಸಿಗಾದು ದಸ್ತಗಿರಿ ಚಾಚಾನ ಅಂಗಡ್ಯಾಗ. ಸುಟ್ಟಿದ್ದು ಮತ್ತ ತಿರುಗಾಕ ಹತ್ತಿದಾಗ ನನ್ನ ಪಕ್ಕದಾಗಾ ಅದಾನ ಅನ್ನಿಸ್ತೈತಿ. ನಾ ಆ ಕೆಲ್ಸಾನಾ ಆತಗ ಕೊಡ್ತೀನಿ."

ಯಾರೋ ಕಿಸಕ್ಕೆಂದರು. ನಾಗರತ್ನಳ ಕೈ ಇನ್ನೂ ಗಾಳಿಯಲ್ಲೇ ಇತ್ತು. ಹಾಗಾದರೆ ತಾನು ಕೊಟ್ಟ ಮಾತಿನ ಗತಿಯೇನು, ದೇವರಿಗೆ ಸುಳ್ಳು ಹೇಳಿದಂತಾಗಲಿಲ್ಲವೇ ಎಂದು ಅವಳು ಕೇಳಿದಳು.

ವಾರವಿಡೀ ತಡೆದಿಟ್ಟುಕೊಂಡ ಸಿಟ್ಟು ಸುವಾರ್ತಳ ಬಾಯಿಗೆ ಬಂತು. "ಹರಕಿ ಹೊತ್ತಾಕಿ ನೀನು ಯವ್ವಾ. ನೀನಾ ಹೋಗು."

ಹೇಳಿದ್ದೇ ತಡ, ತಪ್ಪು ಮಾಡಿದೆ ಎಂದು ಅವಳಿಗೆ ಅನ್ನಿಸಿತು. ಎಲ್ಲರೂ ನಾಗರತ್ನ ಅಳುತ್ತಾಳೆಂದೋ, ಮಗಳ ಕೆನ್ನೆಗೆ ಬಾರಿಸುತ್ತಾಳೆಂದೋ ಕಾದರು. ಅವಳು ಎರಡೂ ಮಾಡಲಿಲ್ಲ. ಎತ್ತಿದ್ದ ಕೈಗಳನ್ನು ಇಳಿಸಿದಳು. ಮಗಳನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಪಾಸ್ಟರ ಕಡೆ ತಿರುಗಿ, ಹಿಂದಿನ ಸಾಲಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ತಂದಿ ಹೆಸ್ರು ಇಲ್ದಾಕಿನ ಆ ಸಾಲ್ಯಾಗ ತಗಂತಾರೇನ್ರಿ, ಅಯ್ನೋರೆ?"

ಪಕ್ಕದಲ್ಲೇ ನಿಂತಿದ್ದ ಸುವಾರ್ತಳಿಗೆ ಅಳು ಒತ್ತರಿಸಿ ಬಂತು. ಈ ಒಂದು ಮಾತು ಕೇಳಲು ಧೈರ್ಯ ಸಾಲದೆಯೇ ಅವ್ವ ಇಷ್ಟು ವರ್ಷ ತನ್ನ ಬದಲು ಮಗಳನ್ನು ಮುಂದೆ ದೂಡುತ್ತ ಬಂದಿದ್ದಳು.