ಅಕ್ಕ ತಟ್ಟಿದ ಸಾಲು

ತಂಗಿ ಪತ್ರಿಕೆಗಳಿಗೆ ಬಿಡಿ ಲೇಖನಗಳನ್ನು ಬರೆಯುತ್ತಿದ್ದಳು, ಅಕ್ಕ ತಿದ್ದಿಕೊಡುತ್ತಿದ್ದಳು. ಮದುವೆಯ ಗೊಡವೆಗೆ ಹೋಗದೆ ಇಬ್ಬರೂ ಒಂದೇ ಮನೆಯಲ್ಲಿ ಉಳಿದಿದ್ದರು. ಅಕ್ಕ ಅಚ್ಚುಕೂಟವೊಂದರಲ್ಲಿ ಪ್ರೂಫ್ ನೋಡುವ ಕೆಲಸ ಮಾಡಿ ನಿವೃತ್ತಳಾದವಳು. ಬಿಟ್ಟುಹೋದ ಒತ್ತಾಗಲಿ ದೀರ್ಘವಾಗಲಿ ಅವಳ ಕಣ್ಣು ತಪ್ಪಿಸಿಕೊಂಡದ್ದಿಲ್ಲ. ಅಲ್ಲಿನವರು ಅವಳನ್ನು ‘ದೀರ್ಘದಕ್ಕ’ ಎಂದೇ ಕರೆಯುತ್ತಿದ್ದರು.

ಲೇಖನ ಮುಗಿದರೆ ಸಾಕು, ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದುವಳು.

“ಗೋಡೆಗೆ ಮೂಳೆ ಹೊಡೆದು ಚಿತ್ರ ತೂಗುಹಾಕಿ ಅಂತ ಬರ್ದಿದೀಯಲ್ಲೇ. ಯಾರ್ದೇ ಮೂಳೆ?”

“ಅಯ್ಯೋ, ಮೊಳೆ ಅಕ್ಕಾ!”

“ಹೋದ ಸಲ ದಿನಕ್ಕೆ ಎರಡು ಬಾರಿ ಹುಲ್ಲು ಉಜ್ಜಿಸಿದ್ದೆ. ಓದೋರು ದನಗಳು ಅನ್ಕೊಂಡಿದೀಯಾ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಅಕ್ಕ ಕುಸಿದುಬಿದ್ದಳು. ಬಲಭಾಗದ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಅವಳ ನೋಟ ಸೂರು ಬಿಟ್ಟು ಕದಲಲಿಲ್ಲ. ನೋಡಲು ಬಂದವರು ಮಂಚದ ಪಕ್ಕದಲ್ಲೇ ನಿಂತು, “ಪಾಪ, ಏನೂ ತಿಳಿಯೋದಿಲ್ಲ. ಅದೇ ಒಂದು ಪುಣ್ಯ” ಎನ್ನುತ್ತಿದ್ದರು. ತಂಗಿಯೂ ಅದನ್ನೇ ನಂಬಿದಳು. ನಂಬಿದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಲೇಖನಗಳು ಒಂದೊಂದಾಗಿ ವಾಪಸು ಬರತೊಡಗಿದವು. ಕಡೆಗೆ ವಾರಪತ್ರಿಕೆಯ ಸಂಪಾದಕರು ಅವಳನ್ನು ಕಚೇರಿಗೆ ಕರೆಸಿದರು. ಅವರದು ಕಡ್ಡಿ ಮುರಿದಂಥ ಮಾತು.

“ಕಾಗುಣಿತದ ತಪ್ಪು ಬಿಡಿ ಮೇಡಂ, ನಾನೇ ತಿದ್ಕೋತೀನಿ. ಆದ್ರೆ ಇದರಲ್ಲಿ ನೀವೇ ಇಲ್ಲ. ಉದ್ದಕ್ಕೆ ಪೀಠಿಕೆ, ಆಮೇಲೆ ಎಲ್ಲೋ ಕೇಳಿದ ಬುದ್ಧಿಮಾತು. ಏನಾಗಿದೆ ನಿಮಗೆ?”

ಅವಳು ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದನ್ನೇ ಬರೀರಿ. ಮಂಚದಿಂದ್ಲೇ ಶುರು ಮಾಡಿ. ಊರವರು ಹೇಳಿದ್ದು ಬೇಡ, ನೀವು ಕಂಡಿದ್ದು ಬರೀರಿ. ಕಳಿಸೋ ಮುಂಚೆ ಗಟ್ಟಿಯಾಗಿ ಓದಿ.”

ಮೊದಲು ಬರೆದದ್ದನ್ನು ಅವರು ತಿರುಗಿಸಿ ಕಳಿಸಿದರು. ಅಂಚಿನಲ್ಲಿ, ‘ಕಣ್ಣೀರು ಜಾಸ್ತಿ. ಕೆಲಸ ತೋರಿಸಿ’ ಎಂದಿತ್ತು. ಅವಳು ಮತ್ತೆ ಬರೆದಳು: ಬೆನ್ನು ಹುಣ್ಣಾಗದಂತೆ ಅಕ್ಕನನ್ನು ಮಗ್ಗುಲು ಹೊರಳಿಸುವುದು, ಚಮಚದಲ್ಲಿ ಗಂಜಿ ಕುಡಿಸಿ ಗಂಟಲು ಅಲುಗುವವರೆಗೆ ಕಾಯುವುದು, ಸಿಕ್ಕುಗಟ್ಟಿದ ಕೂದಲನ್ನು ಬಿಡಿಸುವುದು.

ಮಧ್ಯಾಹ್ನ ಮಂಚದ ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಗಟ್ಟಿಯಾಗಿ ಓದತೊಡಗಿದಳು. “ಅಕ್ಕನಿಗೆ ಈಗ ಏನೂ ತಿಳಿಯುವುದಿಲ್ಲ, ಅದೇ ನಮ್ಮ ಪುಣ್ಯ” ಎಂಬಲ್ಲಿಗೆ ಬಂದಾಗ ಟಪ್ ಎಂದು ಸದ್ದಾಯಿತು. ಅಷ್ಟು ದಿನ ಅಲುಗದಿದ್ದ ಅಕ್ಕನ ಎಡಗೈ ಮಂಚದ ಅಂಚನ್ನು ತಟ್ಟಿತ್ತು.

ತಂಗಿ ಸಾಲಿನ ಮೇಲೆ ಬೆರಳಾಡಿಸಿದಳು. ತಪ್ಪೇನೂ ಕಾಣಲಿಲ್ಲ. ಇನ್ನೊಮ್ಮೆ ಓದಿದಳು. ಕೈ ಇನ್ನೂ ಜೋರಾಗಿ ತಟ್ಟಿತು.

“ಎಲ್ಲಾ ಸರಿಯಾಗೇ ಇದೆಯಲ್ಲ ಅಕ್ಕಾ...” ಎಂದವಳು ಅಲ್ಲಿಗೇ ತಡೆದಳು. “ನಿಂಗೆ... ನಿಂಗೆಲ್ಲಾ ತಿಳಿಯುತ್ತಾ?”

ಕೈ ತಟ್ಟಿತು. ಅಕ್ಕನ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು.

ತಂಗಿ ಹಾಳೆ ಕೆಳಗಿಟ್ಟಳು. ಹೋದ ವಾರ ಇದೇ ಕೋಣೆಯಲ್ಲಿ ನಿಂತು ಅವಳು ಚಿಕ್ಕಮ್ಮನಿಗೆ ಫೋನಿನಲ್ಲಿ, “ನನ್ನ ಕೈಲಿ ಆಗ್ತಿಲ್ಲ. ಹೀಗಿರೋದಕ್ಕಿಂತ ಅವಳು ಹೋಗ್ಬಿಟ್ರೇ ವಾಸಿ” ಎಂದಿದ್ದಳು.

“ಚಿಕ್ಕಮ್ಮನ ಹತ್ರ ನಾನು ಹೇಳಿದ್ದೂ ಕೇಳಿಸ್ತಾ?”

ಕೈ ಈ ಸಲ ಮೆಲ್ಲಗೆ ತಟ್ಟಿತು.

“ತಪ್ಪಾಯ್ತು ಅಕ್ಕಾ, ತಪ್ಪಾಯ್ತು ಕಣೇ,” ಎನ್ನುತ್ತ ಅವಳು ಅಕ್ಕನ ಎದೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಎಡಗೈ ತಡಕಾಡುತ್ತ ಬಂದು ಅವಳ ಕೂದಲಲ್ಲಿ ನಿಂತಿತು. ಕ್ಷಮಿಸಿದೆಯಾ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಆ ಸಾಲನ್ನು ಹೊಡೆದುಹಾಕಿ, ‘ಅಕ್ಕನಿಗೆ ಎಲ್ಲವೂ ತಿಳಿಯುತ್ತದೆ. ನಾವು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾಳೆ’ ಎಂದು ಬರೆದಳು. ಸಂಪಾದಕರು ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ. ಅಂದಿನಿಂದ ನೋಡಲು ಬಂದವರನ್ನೆಲ್ಲ ತಂಗಿ ಬಾಗಿಲಲ್ಲೇ ತಡೆದು, “ಅವಳ ಜೊತೆ ಮಾತಾಡಿ, ಅವಳ ಬಗ್ಗೆ ಬೇಡ” ಎನ್ನುತ್ತಿದ್ದಳು.

ಲೇಖನ ಅಚ್ಚಾಗುವವರೆಗೆ ಅಕ್ಕ ಉಳಿಯಲಿಲ್ಲ. ಎರಡನೆಯ ಸಲ ಬಡಿದ ಪಾರ್ಶ್ವವಾಯು ಅವಳನ್ನು ನಿದ್ದೆಯಲ್ಲೇ ಒಯ್ದಿತು.

ಸಂಪಾದಕರು ಫೋನ್ ಮಾಡಿ, “ಕೊನೆಗೊಂದು ಸಾಲು ಸೇರಿಸ್ಬೇಕಾಗುತ್ತೆ ಮೇಡಂ” ಎಂದರು. ಅವಳು ಕೂತಳು, ಆದರೆ ಪೆನ್ನು ಮುಂದೆ ಹೋಗಲಿಲ್ಲ. ಕಡೆಗೆ ಅವರೇ ಬರೆದು ಓದಿ ಹೇಳಿದರು: “ಈ ಲೇಖನ ಅಚ್ಚಿಗೆ ಹೋಗುವ ಮುನ್ನ ಲೇಖಕಿಯ ಅಕ್ಕ ತೀರಿಕೊಂಡರು.”

“ಸರಿ ಇದೆಯಾ?”

“ಸರಿ ಇದೆ ಸರ್.”

ಫೋನ್ ಇಟ್ಟು ಅವಳು ಒಳಕೋಣೆಗೆ ಹೋದಳು. ಹಾಸಿಗೆ ಸುತ್ತಿಟ್ಟ ಬರಿಯ ಮಂಚದ ಮೇಲೆ ಕೂತು, ಯಾರಿಗೆ ಕೇಳಿಸಿದರೂ ಕೇಳಿಸಲಿ ಎಂದು ಗಟ್ಟಿಯಾಗಿ ಅತ್ತಳು.